ಪಾರ್ಕಿನ ಹೊರಗೆ ಒಬ್ಬರು

ಇದನ್ನು ಹೇಳಲು ನಾನು ತಕ್ಕವನಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಹಗಲೆಲ್ಲ ಕೆಲಸ ಮಾಡಿ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತ. ಕಥೆ ಬರೆಯುವವರು ಯಾವುದನ್ನು ಮೊದಲು ಹೇಳುತ್ತಾರೆ, ಯಾವುದನ್ನು ತಡೆದು ಹೇಳುತ್ತಾರೆ ಎಂಬುದು ನನಗೆ ತಿಳಿಯದು. ಆದರೆ ಹಾಲವ್ವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಆಕೆಯ ವಿಷಯದಲ್ಲಿ ನಡೆದದ್ದಕ್ಕೆಲ್ಲ ಮೊದಲ ಮಾತು ಬಂದದ್ದು ನನ್ನ ಬಾಯಿಂದ. ಹಾಗಿರುವಾಗ ಬೇರೆ ಯಾರಾದರೂ ಹೇಳಲಿ ಎಂದು ಕಾಯುವುದು ಸರಿಯಲ್ಲ ಅನ್ನಿಸಿತು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ನಾನು ಪುರಸಭೆಯ ಆರೋಗ್ಯ ಶಾಖೆಯಲ್ಲಿ ಕೆಮ್ಮಿನ ಲೆಕ್ಕ ಬರೆಯುವವನು. ನಮ್ಮದು ಮಂಡಕ್ಕಿಯ ಊರು. ಇನ್ನೂರಕ್ಕೂ ಹೆಚ್ಚು ಭಟ್ಟಿಗಳಿವೆ. ಹೊಟ್ಟು, ಹಳೆಯ ಟೈರು, ಕೈಗೆ ಸಿಕ್ಕಿದ್ದನ್ನೆಲ್ಲ ಉರಿಸಿ, ಮರಳು ಕಾಯಿಸಿ, ಅದರಲ್ಲಿ ಅಕ್ಕಿ ಹುರಿಯುತ್ತಾರೆ. ಬೆಳಿಗ್ಗೆ ಒಗೆದು ಹರವಿದ ಬಿಳಿ ಅಂಗಿ ಮಧ್ಯಾಹ್ನಕ್ಕೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಎಲ್ಲ ಓಣಿಗಳಿಗೆ ವಾರಕ್ಕೊಮ್ಮೆ, ಪಾರ್ಕು ಬಂದಿರುವ ಓಣಿಗೆ ಮಾತ್ರ ದಿನವೂ ಹೋಗಿ, ಹೊಸ್ತಿಲಲ್ಲಿ ನಿಂತು, ಯಾರಿಗೆ ಕೆಮ್ಮು, ಯಾರಿಗೆ ಉಬ್ಬಸ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ.

ಊರಿಗೆ ಇರುವುದು ಒಂದೇ ಪಾರ್ಕು. ಅದು ಒಂದು ಓಣಿಯಲ್ಲಿ ಕೆಲವು ವಾರ ಇದ್ದು ಇನ್ನೊಂದು ಓಣಿಗೆ ಹೋಗುತ್ತದೆ. ಬೆಳಗಾಗಿ ಬಾಗಿಲು ತೆಗೆಯುವಷ್ಟರಲ್ಲಿ ಬಂದಿರುತ್ತದೆ. ನಿನ್ನೆ ಗೋಡೆಗೆ ಗೋಡೆ ತಾಗಿಕೊಂಡಿದ್ದ ಎರಡು ಮನೆಗಳ ನಡುವೆ ಇವತ್ತು ಎರಡು ಎಕರೆ ನೆರಳು. ಬೀಗವಿಲ್ಲದ ಕಬ್ಬಿಣದ ಗೇಟು, ಹೊಂಗೆ, ಬೇವು, ಒಂದು ದೊಡ್ಡ ಆಲ, ಸಿಮೆಂಟಿನ ಬೆಂಚುಗಳು, ಮಕ್ಕಳ ಜಾರುಬಂಡೆ. ಅಕ್ಕಪಕ್ಕದವರು ಒಂದು ಬಟ್ಟಲು ಸಾರು ಕೊಟ್ಟು ಬರಬೇಕಾದರೂ ಮರಗಳ ಕೆಳಗೆ ಇನ್ನೂರು ಹೆಜ್ಜೆ ನಡೆಯಬೇಕು. ಹಾಲಿನವನು ಆ ಓಣಿಗೆ ಹತ್ತು ನಿಮಿಷ ಮೊದಲೇ ಹೊರಡುತ್ತಾನೆ. ಪಾರ್ಕು ಇರುವಷ್ಟು ದಿನ ಆ ಓಣಿಯವರು ಹಗಲು ಬಾಗಿಲು ಹಾಕುವುದಿಲ್ಲ. ಬೇರೆ ಓಣಿಗಳಿಂದ ಬರುವ ನೆಂಟರಿಗೆ ಹೊರಗೆ ಕೊಡದಲ್ಲಿ ನೀರು ಇಟ್ಟಿರುತ್ತಾರೆ. ಇದೆಲ್ಲ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ರೂಢಿ.

ನಮ್ಮ ಹೊಟ್ಟಿನ ಓಣಿಗೆ ಪಾರ್ಕು ಬಂದದ್ದು ಒಂಬತ್ತು ವರ್ಷಗಳ ನಂತರ, ಶಿವರಾತ್ರಿ ಕಳೆದ ಮರುವಾರ. ಕೊಟ್ರೇಶಿಯ ಹಿಟ್ಟಿನ ಗಿರಣಿಗೂ ಹಾಲವ್ವನ ಮನೆಗೂ ನಡುವೆ ನಿಂತಿತ್ತು. ನನ್ನ ಮಗಳು ದಾಕ್ಷಾಯಿಣಿಗೆ ಆಗ ಏಳು ವರ್ಷ. ಹುಟ್ಟಿದಾಗಿನಿಂದ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ತಾಯಿಯ ಎದೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಪಾರ್ಕು ಬಂದ ಹನ್ನೆರಡನೇ ದಿನ ಅವಳು ಚಾಪೆಯ ಮೇಲೆ ಅಂಗಾತ ಮಲಗಿ, ಬಾಯಿ ಮುಚ್ಚಿಕೊಂಡು ನಿದ್ದೆ ಹೋದಳು. ನನ್ನ ಹೆಂಡತಿ ಸರ್ವಮಂಗಳಾ ಪಕ್ಕದಲ್ಲಿ ಕೂತು ಅದನ್ನು ನೋಡುತ್ತಲೇ ಇದ್ದಳು, ಯಾರೋ ದೊಡ್ಡವರು ಮನೆಗೆ ಬಂದಿದ್ದಾರೆ ಎಂಬಂತೆ.

ಮೊದಲ ದಿನ ನಾನು ಬರೆದದ್ದು ಅರವತ್ತೊಂದು. ಮೂವತ್ನಾಲ್ಕು ಮನೆಗಳಲ್ಲಿ ಅರವತ್ತೊಂದು ಜನ ಕೆಮ್ಮುವವರು. ತಿಂಗಳು ಕಳೆಯುವಾಗ ಒಂಬತ್ತು. ಬಿ.ಪಿ. ಮಾತ್ರೆ ನುಂಗುತ್ತಿದ್ದವರು ಎರಡರಲ್ಲಿ ಒಂದು ಬಿಟ್ಟರು. ಭಟ್ಟಿಯಿಂದ ಬಂದ ಗಂಡಸರು ಸಾರಾಯಿ ಅಂಗಡಿಯ ಕಡೆ ತಿರುಗದೆ ಆಲದ ಕೆಳಗೆ ಸುಮ್ಮನೆ ಕೂರತೊಡಗಿದರು. ನಲ್ಲಿಯ ಹತ್ತಿರದ ಜಗಳ ನಿಂತಿತು. ಸೊಸೆಯ ಜೊತೆ ಮಾತು ಬಿಟ್ಟಿದ್ದ ಮುದುಕಿಯೊಬ್ಬಳು ಬೆಂಚಿನ ಮೇಲೆ ಅವಳ ತಲೆ ಬಾಚುತ್ತಿದ್ದುದನ್ನು ನಾನೇ ಕಂಡೆ. ನಲವತ್ತೆರಡನೇ ದಿನ ನನ್ನ ಪುಸ್ತಕದಲ್ಲಿ ಉಳಿದದ್ದು ಎರಡು.

ಆ ಸಂಜೆ ನಾನು ಮಾತಾಡಬಾರದಿತ್ತು. ಕೊಟ್ರೇಶಿ ಬೆಂಚಿನಲ್ಲಿ ಕೂತು ಕಡಲೆ ಬಿಡಿಸುತ್ತಿದ್ದ. ದಪ್ಪ ಆಳು, ರೆಪ್ಪೆಯ ತನಕ ಹಿಟ್ಟು; ಓಣಿಯಲ್ಲಿ ಅವನ ಮಾತಿಗೆ ತೂಕವಿತ್ತು. ಸಂಜೆ ಕಾಲೇಜಿಗೆ ಹೋದವನೆಂದು ನನ್ನನ್ನು ಹಾಸ್ಯಕ್ಕೆ ಮೇಷ್ಟ್ರು ಅನ್ನುತ್ತಿದ್ದ.

"ಏನ್ ಮೇಷ್ಟ್ರೇ, ನಿಮ್ಮ ಬುಕ್ಕು ಏನ್ ಹೇಳ್ತೈತಿ? ಇನ್ನೂ ಎಷ್ಟು ದಿನ ಇರ್ತೈತಿ ಇದು?"

"ಹಂಗೆಲ್ಲ ಹೇಳಾಕೆ ಬರಲ್ರಿ," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹಿಂದಿನ ವಾರವೇ ನಾನು ಶಾಖೆಯ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ನೋಡಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ನೋಡಿದ್ದೆ. ಓದಿದ್ದು ಉಪಯೋಗಕ್ಕೆ ಬರಲಿ ಎಂಬ ಆಸೆ. "ಹನ್ನೊಂದು ವರ್ಷದಾಗೆ ಎಪ್ಪತ್ತೆಂಟು ಸಲ ಓಣಿ ಬದಲಿಸೈತಿ. ಎಪ್ಪತ್ತೆಂಟು ಸಲಾನೂ ಒಂದೇ ಕಥೆ. ಕೆಮ್ಮೋರು ಒಬ್ಬರೂ ಇಲ್ಲದಂಗೆ ಆದ ವಾರದೊಳಗೆ ಹೊರಟು ಹೋಗೈತಿ."

ಅವನ ಕೈ ನಿಂತಿತು. "ಅಂದ್ರೆ, ಎಲ್ಲರೂ ಹುಷಾರಾದ್ರೆ ಹೋಗ್ತೈತಿ. ಯಾರಾದ್ರೂ ಕೆಮ್ತಾ ಇದ್ರೆ ಇರ್ತೈತಿ."

"ಹಂಗಂತ ಅಲ್ಲ. ಅಂಕಿ ಹಂಗೆ ಕಾಣ್ತವೆ ಅಷ್ಟೆ."

"ಅಂಕಿ ಸುಳ್ಳು ಹೇಳ್ತಾವೇನ್ರಿ?"

ನಾನು ಇಲ್ಲ ಎಂದೆ. ಜಾರುಬಂಡೆಯಿಂದ ದಾಕ್ಷಿ "ಅಪ್ಪಾ" ಎಂದು ಕೂಗಿ ಜಾರಿದಳು. ಅವಳ ಕೂಗಿನಲ್ಲಿ ಸಿಳ್ಳಿನ ಸದ್ದು ಇರಲಿಲ್ಲ. ನಾನು ಇಲ್ಲ ಎಂದದ್ದು ಅಂಕಿಗಳನ್ನು ನಂಬಿಯೋ, ಆ ಕೂಗನ್ನು ಕೇಳಿಯೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಎರಡು ದಿನ ಬಿಟ್ಟು ಆಲದ ಕೆಳಗೆ ಓಣಿಯ ಸಭೆ ಸೇರಿತು. ಅಲ್ಲಿ ಪಾಳಿ ನಿರ್ಧಾರವಾಯಿತು. ವಾರಕ್ಕೆ ಮೂರು ಮನೆ, ಮನೆಗೊಬ್ಬ ದೊಡ್ಡವರು ಪಾರ್ಕಿನ ಒಳಗೆ ಕಾಲಿಡದೆ ಹೊರಗೆ ಇರುವುದು, ಭಟ್ಟಿಗೆ ಹೋಗಿ ಬರುವುದು, ಕೆಮ್ಮು ಬಂದರೆ ಮಾತ್ರೆ ನುಂಗದಿರುವುದು. ಮಕ್ಕಳಿಗೆ, ಬಸುರಿಯರಿಗೆ ಪಾಳಿ ಇಲ್ಲ. ಮಕ್ಕಳ ಮುಖ ನೋಡಿ ಎಲ್ಲರೂ ಒಪ್ಪಿದರು.

ಪಾಳಿ ನಡೆದದ್ದು ಮೂರೇ ವಾರ. ಒಳಗೆ ನೆರಳು, ಹೊರಗೆ ಹೊಗೆ. ಎಷ್ಟು ದಿನ ತಡೆದಾರು? ಹಿಂದಿನ ಗೋಡೆ ಹತ್ತಿ ನುಸುಳುವುದು ಶುರುವಾಯಿತು. ಕೊಟ್ರೇಶಿಯೇ ತನ್ನ ಪಾಳಿಯ ದಿನ ಹೆಂಡತಿಯ ಸೀರೆ ಹೊದ್ದು ಜಾರುಬಂಡೆಯ ಹಿಂದೆ ಕೂತಿದ್ದ. ಹೆಂಗಸರು ಅವನನ್ನು ಎಳೆದು ತಂದು, "ಯಾವ ಮನೆ ಸೊಸೆನವ್ವ ನೀನು, ಮೀಸೆ ಬಂದೈತಲ್ಲ!" ಎಂದು ನಗಾಡಿದರು. ಅವನೂ ನಕ್ಕ. ಆದರೆ ಆ ಬೆಳಿಗ್ಗೆ ನನ್ನ ಪುಸ್ತಕದಲ್ಲಿದ್ದದ್ದು ಒಂದೇ ಹೆಸರು, ಹಾಲವ್ವನದು. ಅದನ್ನು ಹೇಳಿದಾಗ ನಗು ನಿಂತಿತು.

ಹಾಲವ್ವ ಮೂವತ್ತು ವರ್ಷ ಭಟ್ಟಿಯಲ್ಲಿ ಕಾದ ಮರಳಿನಿಂದ ಮಂಡಕ್ಕಿ ಜರಡಿ ಹಿಡಿದವಳು. ಗಂಡ ಹೋಗಿ ಬಹಳ ದಿನವಾಗಿತ್ತು, ಮಕ್ಕಳಿಲ್ಲ. ವಯಸ್ಸು ಐವತ್ತೈದಿದ್ದರೂ ಎಪ್ಪತ್ತರವಳಂತೆ ಕಾಣುತ್ತಿದ್ದಳು. ಆಕೆಯ ಕೆಮ್ಮು ಎಲ್ಲರಿಗಿಂತ ಹಳೆಯದು. ಆದರೂ ಪಾರ್ಕಿನಲ್ಲಿ ಕೂತು ಕೂತು ಅದು ಬರೀ ಬೆಳಗಿನ ಹೊತ್ತಿಗೆ ಇಳಿದಿತ್ತು. ಆಕೆ ಎದ್ದು ನಿಂತು ಹೇಳಿದ್ದಿಷ್ಟು: "ನೀವ್ಯಾಕೆ ಕಳ್ಳರಂಗೆ ಗೋಡೆ ಹತ್ತೀರಿ, ಬಿದ್ದು ಕಾಲು ಮುರ್ಕೊಂತೀರಿ. ನಾನು ಹೊರಗೆ ಕೂಡ್ತೀನಿ ಬಿಡ್ರಿ. ನನ್ನ ಕೆಮ್ಮೇನು ಇವತ್ತಿಂದಾ?"

ಯಾರೂ ಒಮ್ಮೆಯೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಅಂದಿನಿಂದ ಓಣಿ ಆಕೆಯನ್ನು ದೇವರಂತೆ ನೋಡಿಕೊಂಡಿತು. ಬೆಳಿಗ್ಗೆ ಒಂದು ಮನೆಯಿಂದ ಉಪ್ಪಿಟ್ಟು, ಮಧ್ಯಾಹ್ನ ಇನ್ನೊಂದು ಮನೆಯಿಂದ ರೊಟ್ಟಿ, ಪಲ್ಯ. ಭಟ್ಟಿಗೂ ಹೋಗಬೇಡ ಎಂದರು. ಪಾರ್ಕಿನ ಗಾಳಿ ನುಗ್ಗುತ್ತದೆಂದು ಆಕೆಯ ಮುಂದಿನ ಕಿಟಕಿ ಮುಚ್ಚಿ, ಸಂದಿಗೆ ಗೋಣಿ ತುರುಕಿದರು. ಹೊಂಗೆ ಹೂ ಬಿಟ್ಟ ಕಾಲ. ದಾಕ್ಷಿ ಮತ್ತು ಅವಳ ಗೆಳತಿಯರು ಲಂಗದಲ್ಲಿ ಹೂ ತುಂಬಿಕೊಂಡು ಹೋಗಿ ಆಕೆಗೆ ಕೊಡುತ್ತಿದ್ದರು. ಒಂದು ದಿನ ಯಾರಿಗೋ ಸಂಶಯ ಬಂತು: ಹೂವಿನಿಂದಲೂ ಗುಣವಾಗಿಬಿಟ್ಟರೆ? ಸಭೆಯಲ್ಲಿ ಅರ್ಧ ತಾಸು ಅದೇ ಚರ್ಚೆ. ಮಾರನೆಯ ದಿನದಿಂದ ಹೂ ನಿಂತಿತು.

ನಾನು ದಿನವೂ ಹೋಗಿ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದೆ. ಆಕೆ ಕೆಮ್ಮಿ ತೋರಿಸುತ್ತಿದ್ದಳು. ನಾನು ಒಂದು ಎಂದು ಬರೆಯುತ್ತಿದ್ದೆ.

"ತಮ್ಮ, ಲೆಕ್ಕ ಸರಿ ಐತಾ?" ಎಂದು ಒಮ್ಮೆ ಕೇಳಿದಳು.

"ಸರಿ ಐತಿ ಅನ್ಸ್ತೈತಕ್ಕ."

"ಅನ್ಸೋದು ಬ್ಯಾರೆ, ಇರೋದು ಬ್ಯಾರೆ," ಎಂದು ನಕ್ಕಳು. ನಗು ಕೆಮ್ಮಿಗೆ ತಿರುಗಿ ಬಹಳ ಹೊತ್ತು ನಿಲ್ಲಲಿಲ್ಲ.

ಪಾರ್ಕು ಹೋಗಲಿಲ್ಲ. ಮೂರು ತಿಂಗಳು, ನಾಲ್ಕು ತಿಂಗಳು. ಊರಲ್ಲಿ ಯಾವ ಓಣಿಯಲ್ಲೂ ಅಷ್ಟು ದಿನ ಇದ್ದದ್ದಿಲ್ಲ. ಆರೋಗ್ಯಾಧಿಕಾರಿಗಳು ನನ್ನನ್ನು ಕರೆದು, ಹನ್ನೊಂದು ವರ್ಷದ ಆ ಲೆಕ್ಕವನ್ನು ಅಂದವಾಗಿ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಕೆಳಗೆ ನನ್ನ ಹೆಸರು ಹಾಕಿದರು. ಹೆಸರು ನೋಡಿ ಖುಷಿಪಟ್ಟೆ. ಅದನ್ನು ಮುಚ್ಚಿಟ್ಟರೆ ಈ ಕಥೆ ಹೇಳಿ ಪ್ರಯೋಜನವಿಲ್ಲ.

ಕಮ್ಮಾರ ಓಣಿಯ ಜಬೀನಾ ನಾಲ್ಕು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ದಿನ ಬಿಟ್ಟು ದಿನ ನಮ್ಮ ಪಾರ್ಕಿಗೆ ನೆಂಟಳಾಗಿ ಬರುತ್ತಿದ್ದಳು. ಎರಡು ಮೈಲಿ ನಡಿಗೆ. ಬರುವಾಗ ಹುಡುಗ ಏದುಸಿರು ಬಿಡುತ್ತಿದ್ದ, ಹೋಗುವಾಗ ನಡೆದುಕೊಂಡು ಹೋಗುತ್ತಿದ್ದ, ಎರಡು ದಿನಕ್ಕೆ ಮತ್ತೆ ಅದೇ. ಒಮ್ಮೆ ನೀರು ಕುಡಿಯುತ್ತ, "ನಿಮ್ಮ ಓಣೀಲಿ ಬಾಳ ದಿನ ಆತಲ್ಲ ಅಣ್ಣ. ನಮ್ಮ ಕಡೆ ದಾರಿ ಮರ್ತೈತಾ ಹೆಂಗೆ?" ಎಂದಳು. ಆಮೇಲೆ ಮುಚ್ಚಿದ ಕಿಟಕಿ ತೋರಿಸಿ, "ಆ ಮನೇಲಿ ಯಾರಿಗೆ ಹುಷಾರಿಲ್ಲ?" ಎಂದು ಕೇಳಿದಳು. ನಾನು ಏನೋ ಗೊಣಗಿದೆ. ನೆಂಟರ ಇಂಥ ಪ್ರಶ್ನೆ ಹೆಚ್ಚಾದ ಮೇಲೆ ನಮ್ಮವರು ನೀರಿನ ಕೊಡಗಳನ್ನು ಒಳಗೆ ಇಟ್ಟುಕೊಂಡರು. ಕೆಲವರು ಹಗಲೇ ಬಾಗಿಲು ಹಾಕಿದರು.

ಮಳೆ ಹಿಡಿದ ಮೇಲೆ ಹಾಲವ್ವ ಏಳುವುದನ್ನು ಬಿಟ್ಟಳು. ನಾನು ಡಾಕ್ಟರನ್ನು ಕರೆತಂದೆ. ಅವರು ಚೀಟಿಯಲ್ಲಿ ಮೂರು ಸಾಲು ಬರೆದರು. ಮೊದಲ ಎರಡು ಮಾತ್ರೆಗಳು. ಮೂರನೆಯದು, ದಿನಕ್ಕೆ ಎರಡು ಗಂಟೆ ಪಾರ್ಕಿನಲ್ಲಿ ಕೂರಿಸಿ ಎಂದಿತ್ತು. ಮಾತ್ರೆಗಳನ್ನು ನಾನೇ ಹೋಗಿ ತಂದುಕೊಟ್ಟೆ.

ಆ ಸೋಮವಾರ ಲೆಕ್ಕಕ್ಕೆ ಹೋದಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಒಂದೊಂದು ಮಾತಿಗೂ ನಿಲ್ಲಿಸುತ್ತಿದ್ದಳು.

"ತಮ್ಮ, ಇವತ್ತು ಒಂದೀಟು ಒಳಗೆ ಕರ್ಕೊಂಡು ಹೋಗ್ತೀಯಾ? ಅರ್ಧ ತಾಸು ಸಾಕು. ಮಳೆ ಬಿದ್ದೈತಿ, ಹುಲ್ಲು ಚಿಗುರಿರ್ತೈತಿ."

ನನ್ನ ಕೈಯಲ್ಲಿ ಪುಸ್ತಕವಿತ್ತು. ಗೇಟು ಅಲ್ಲಿಂದ ಕಾಣುತ್ತಿತ್ತು. ನಾನು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ: "ಗುರುವಾರ ಸಭೆ ಐತಲ್ಲಕ್ಕ, ಒಂದು ಮಾತು ಕೇಳಿ ಕರ್ಕೊಂಡು ಹೋಗ್ತೀನಿ."

"ಕೇಳಪ್ಪ," ಎಂದಳು. "ಹೇಳ್ದೆ ಕೇಳ್ದೆ ಹೋಗಬಾರದು. ಮಕ್ಕಳದಾವೆ."

ಬುಧವಾರ ಮಧ್ಯಾಹ್ನ ರೊಟ್ಟಿ ಕೊಡಲು ಹೋದವರು ನೋಡಿದಾಗ ಹಾಲವ್ವ ಹಾಗೆಯೇ ಗೋಡೆಗೆ ಒರಗಿ ತೀರಿಕೊಂಡಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಓಣಿಯವರೆಲ್ಲ ಪಾರ್ಕಿಗೆ ಹೋಗಿ ಕೂತರು, ಇನ್ನು ಇದು ಎರಡು ದಿನವೋ ಮೂರು ದಿನವೋ ಎಂದು. ಆಟ ಸಾಕೆಂದು ಯಾರೂ ಮಕ್ಕಳನ್ನು ಕರೆಯಲಿಲ್ಲ. ಗುರುವಾರ ನಾನು ಸೊನ್ನೆ ಬರೆದೆ. ಶುಕ್ರವಾರ ಸೊನ್ನೆ. ಪಾರ್ಕು ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಕೊಟ್ರೇಶಿ ಗಿರಣಿಯ ಮುಂದೆ ನಿಂತು, "ನೋಡ್ರಿ, ಹಾಲವ್ವ ಹಿಡ್ಕೊಂಡಾಳೆ ಅದನ್ನ. ಮಹಾತಾಯಿ," ಎಂದು ಕಣ್ಣೊರೆಸಿಕೊಂಡ. ಎಲ್ಲರಿಗೂ ಆ ಮಾತಿನಿಂದ ಸಮಾಧಾನವಾಯಿತು.

ನನಗೆ ಆಗಲಿಲ್ಲ. ಮತ್ತೆ ಹಳೆಯ ಪುಸ್ತಕಗಳನ್ನು ತೆಗೆದೆ. ಈ ಸಲ ಎದುರಿಗೇ ಇದ್ದದ್ದು ಕಣ್ಣಿಗೆ ಬಿತ್ತು. ಯಾವ ಓಣಿಯಲ್ಲೂ ಪಾರ್ಕು ಒಂದೂವರೆ ಎರಡು ತಿಂಗಳಿಗಿಂತ ಹೆಚ್ಚು ಇದ್ದದ್ದಿಲ್ಲ. ಅಷ್ಟು ದಿನದಲ್ಲಿ ಕೆಮ್ಮು ಎಲ್ಲೆಡೆಯೂ ಇಳಿದೇ ಇಳಿಯುತ್ತದೆ. ಹೋಗುವ ಹೊತ್ತಿಗೆ ಕೆಮ್ಮು ಕಡಿಮೆ ಇದ್ದರೆ, ಕೆಮ್ಮು ಕಡಿಮೆಯಾದದ್ದರಿಂದಲೇ ಹೋಯಿತು ಎಂದು ಹೇಳುವುದು ಹೇಗೆ? ಸಂಜೆ ಕಾಲೇಜಿನಲ್ಲಿ ಇದನ್ನೇ ಒಂದು ಇಡೀ ಪಾಠ ಮಾಡಿದ್ದರು. ಟಿಪ್ಪಣಿ ನನ್ನ ಅಕ್ಷರದಲ್ಲೇ ಇದೆ. ಆದರೆ ಹಾಗಿದ್ದರೆ ನಮ್ಮ ಓಣಿಯಲ್ಲಿ ಐದು ತಿಂಗಳು ಯಾಕೆ ನಿಂತಿತು ಎಂಬುದಕ್ಕೆ ಆ ಪಾಠದಲ್ಲಿ ಉತ್ತರವಿರಲಿಲ್ಲ.

ಹಾಲವ್ವ ಹೋದ ಹನ್ನೊಂದನೇ ದಿನ ಬೆಳಿಗ್ಗೆ ಚಹಾ ಕೊಡುತ್ತ ಸರ್ವಮಂಗಳಾ ನನ್ನ ಮುಖ ನೋಡದೆ ಹೇಳಿದಳು, "ರೀ, ದಾಕ್ಷಿಗೆ ಪೂರ್ತಿ ಹೋಗಿಲ್ರಿ."

"ಏನು?"

"ಉಬ್ಬಸ. ಬೆಳಗಿನ ಜಾವ ಒಂದೀಟು ಬರ್ತೈತಿ. ಮೊದಲಿಂದಾನೂ ಐತಿ. ಬಿಸಿನೀರು ಕುಡಿಸಿ, ಬೆನ್ನು ತೀಡಿ, ನೀವು ಏಳೋದ್ರೊಳಗೆ ಸರಿ ಮಾಡ್ತಿದ್ದೆ."

"ನಂಗ್ಯಾಕೆ ಹೇಳಲಿಲ್ಲ? ನಾನು ಲೆಕ್ಕ ಬರೆಯೋನು, ನನ್ನ ಮನೇದೇ ನಂಗೆ…"

"ನೀವು ಬರ್ಕೊಂತಿದ್ರಿ," ಎಂದಳು. "ಬರ್ಕೊಂಡು ಸಭೇಲಿ ಓದ್ತಿದ್ರಿ. ಆಮೇಲೆ ಇವಳನ್ನೇ ಹೊರಗೆ ಕೂರಿಸ್ರಿ ಅಂದ್ರೆ? ನೀವು ಇಲ್ಲ ಅಂತಿದ್ರೇನು?"

ಮಕ್ಕಳಿಗೆ ಪಾಳಿ ಇಲ್ಲವಲ್ಲ ಎಂದು ಹೇಳಲು ಬಾಯಿ ತೆರೆದೆ. ಹೊಂಗೆ ಹೂವಿನ ಸಭೆ ನೆನಪಾಗಿ ಮುಚ್ಚಿಕೊಂಡೆ. ಒಬ್ಬರು ಕೆಮ್ಮುತ್ತಿದ್ದರೆ ಸಾಕೆಂದಿದ್ದರೆ, ಆ ಒಬ್ಬರು ನನ್ನ ಮನೆಯಲ್ಲೇ ಇದ್ದರು. ಹಾಲವ್ವ ಒಳಗೆ ಬಂದು ಕೂರಬಹುದಿತ್ತು, ಮೊದಲಿಂದಲೂ. ಇನ್ನೆಷ್ಟು ಮನೆಗಳಲ್ಲಿ, ಇನ್ನೆಷ್ಟು ಓಣಿಗಳಲ್ಲಿ ತಾಯಂದಿರು ಬಿಸಿನೀರು ಕುಡಿಸಿ ಮಕ್ಕಳನ್ನು ನನ್ನೆದುರು ನಿಲ್ಲಿಸಿದ್ದರೋ. ಹನ್ನೊಂದು ವರ್ಷ ನಾನು ಬರೆದದ್ದು ಜನ ನನಗೆ ಹೇಳಿದ್ದನ್ನು ಮಾತ್ರ.

ಆ ದಿನವೂ ನಾನು ಓಣಿ ಸುತ್ತಿ ಬಂದು ಲೆಕ್ಕ ಬರೆದೆ. ಸೊನ್ನೆ ಎಂದು ಬರೆದೆ. ಹಾಲವ್ವನ ಕೆಮ್ಮನ್ನು ಒಂದು ದಿನವೂ ತಪ್ಪದೆ ಬರೆದವನು ನನ್ನ ಮಗಳ ಉಬ್ಬಸವನ್ನು ಬರೆಯಲಿಲ್ಲ.

ಆರು ದಿನ ಕಳೆದು, ಒಂದು ಬೆಳಿಗ್ಗೆ ಗಿರಣಿಯ ಗೋಡೆಗೆ ಹಾಲವ್ವನ ಮನೆಯ ಗೋಡೆ ತಾಗಿಕೊಂಡಿತ್ತು. ಯಾರೂ ಅಳಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ ಭಟ್ಟಿಗಳಿಗೆ ಹೋದರು. ತಿಂಗಳೊಳಗೆ ನಾನು ಐವತ್ತೆಂಟು ಬರೆದೆ. ಅದರಲ್ಲಿ ದಾಕ್ಷಿಯ ಹೆಸರೂ ಇತ್ತು. ಅವಳು ಈಗ ಮತ್ತೆ ಕೂತೇ ನಿದ್ದೆ ಮಾಡುತ್ತಾಳೆ.

ಪಾರ್ಕು ಹೋದದ್ದು ಕಮ್ಮಾರ ಓಣಿಗೆ. ದಿನದ ಲೆಕ್ಕಕ್ಕೆ ಅಲ್ಲಿಗೆ ಹೋಗುವುದು ನನ್ನ ಪಾಲಿಗೇ ಬಂತು. ಮೂರನೇ ವಾರ ಜಬೀನಾಳ ಮನೆಯ ಮುಂದೆ ನಿಂತಾಗ ಅವಳ ಮಗ ಗೇಟಿನಿಂದ ಓಡಿಬಂದು ನನ್ನ ಕಾಲಿಗೆ ಡಿಕ್ಕಿ ಹೊಡೆದು ಮತ್ತೆ ಒಳಕ್ಕೆ ಓಡಿದ. ಅವಳ ಮನೆಯ ಕಿಟಕಿ ಮುಚ್ಚಿತ್ತು. ಸಂದಿಗೆ ಗೋಣಿ.

"ಮಾವ ಪಾರ್ಕಿಗೆ ಹೋಗದೆ ಹೊರಗೆ ಕೂತಾರೆ ಅಣ್ಣ," ಎಂದಳು ಜಬೀನಾ. "ಅವರೇ ಕೂಡ್ತೀನಿ ಅಂದ್ರು. ಆಫೀಸಿನಾಗೆ ನಿಮ್ಮ ಲೆಕ್ಕ ಗೋಡೆಗೆ ಹಚ್ಚ್ಯಾರಲ್ಲ, ನಮ್ಮ ಓಣಿಯೋರು ಓದ್ಕೊಂಡು ಬಂದ್ರು."

"ಅದು ತಪ್ಪು ಲೆಕ್ಕ ತಂಗಿ. ಅವರನ್ನ ಒಳಗೆ ಕರ್ಕೊಂಡು ಹೋಗು, ಇವತ್ತೇ. ಸಭೆಗಿಭೆ ಅಂತ ಕಾಯಬೇಡ. ನಮ್ಮ ಓಣೀಲಿ ಒಬ್ಬಾಕಿ ಸತ್ತಾಳೆ."

"ಗೊತ್ತೈತಿ. ಆದ್ರೆ ಐದು ತಿಂಗಳು ಇತ್ತಲ್ಲ ಅಣ್ಣ ನಿಮ್ಮಲ್ಲಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. "ಮಾವನ್ನ ಕರ್ಕೊಂಡು ಹೋಗ್ತೀನಿ. ಅದು ಹೋಗಲ್ಲ ಅಂತ ನೀವು ಹೇಳ್ರಿ. ನನ್ನ ಮಗನ ಮುಖ ನೋಡಿ ಹೇಳ್ರಿ."

ಮನೆಯೊಳಗಿನಿಂದ ಮುದುಕರ ದನಿ ಕೇಳಿತು. "ಯಾರಮ್ಮ, ಲೆಕ್ಕದೋರಾ? ನನ್ನ ಹೆಸರು ಸರಿಯಾಗಿ ಬರ್ಕೊಳ್ಳಾಕೆ ಹೇಳು. ಇಮಾಮಸಾಬ. ಮೊನ್ನೆ ಇಬ್ರಾಹಿಂ ಅಂತ ಬರ್ದಾರೆ, ಆಮೇಲೆ ಪುಣ್ಯ ಅವನಿಗೆ ಹೋದೀತು!" ತಮ್ಮ ಮಾತಿಗೆ ತಾವೇ ನಕ್ಕರು, ಕೆಮ್ಮಿದರು.

ಜಬೀನಾ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಹೋಗುವುದಿಲ್ಲ ಎಂದು ಹೇಳಿದ್ದರೆ ಆ ಮುದುಕರು ಅವತ್ತು ಮರದ ಕೆಳಗೆ ಕೂರುತ್ತಿದ್ದರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಒಮ್ಮೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿ ಒಬ್ಬಳನ್ನು ಕಳೆದವನು, ಗೊತ್ತಿಲ್ಲದ್ದನ್ನು ಇನ್ನೊಮ್ಮೆ ಹೇಳುವುದು ಹೇಗೆ? ಹೇಳಬೇಕಿತ್ತೇನೋ. ಪುಸ್ತಕ ತೆರೆದು ಇಮಾಮಸಾಬ ಎಂದು ತಿದ್ದಿ ಬರೆದೆ. ಅವಳು ಬಾಗಿಲು ಮುಂದಕ್ಕೆಳೆದಳು.

ಪಾರ್ಕು ಈಗಲೂ ಕಮ್ಮಾರ ಓಣಿಯಲ್ಲಿದೆ. ಗೋಡೆಗೆ ಅಂಟಿಸಿದ ಹಾಳೆಯನ್ನು ತೆಗೆಯಿರಿ ಎಂದು ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ತಪ್ಪೆಂದು ತೋರಿಸುವ ಬೇರೆ ಲೆಕ್ಕ ತನ್ನಿ ಎನ್ನುತ್ತಾರೆ, ನನ್ನ ಹತ್ತಿರ ಇಲ್ಲ. ಪಾರ್ಕು ಯಾಕೆ ಬರುತ್ತದೆ, ಯಾಕೆ ಹೋಗುತ್ತದೆ, ಅದಕ್ಕೂ ನಮ್ಮ ಕೆಮ್ಮಿಗೂ ಏನಾದರೂ ಸಂಬಂಧ ಇದೆಯೇ, ನನಗೆ ಗೊತ್ತಿಲ್ಲ. ಆ ಸೋಮವಾರ ಅರ್ಧ ತಾಸು ಹುಲ್ಲಿನ ಮೇಲೆ ಕೂತಿದ್ದರೆ ಹಾಲವ್ವ ಬದುಕುತ್ತಿದ್ದಳೇ, ಅದೂ ಗೊತ್ತಿಲ್ಲ.